ಮುಯ್ಯಾಳಿಗೆ ರಸೀದಿ

ಕುಳಗಿ ಊರಿನ ತೇಗದ ನೆರಳಲ್ಲಿ ಕೂತ ಮಾವನಿಗೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾದ ಅಳಿಯ ಹೊಸ ಯೋಜನೆ ಬಿಡಿಸಿ ಹೇಳಿದ: “ನಿರ್ವಹಣಾ ಶುಲ್ಕ ಕಟ್ಟಲಾಗದವರು ಗಿಡಕ್ಕ ನೀರು ಹಾಕ್ತಾರ, ಲೆಕ್ಕ ಬರೀತಾರ. ಅಷ್ಟು ಶುಲ್ಕ ವಜಾ.” “ನಮ್ಮ ಮುಯ್ಯಾಳಲ್ಲೇನೋ ಇದು? ಇವತ್ತು ನಿನ್ನ ಗದ್ದಿಗೆ ನಾ, ನಾಳೆ ನನ್ನ ಗದ್ದಿಗೆ ನೀ.” “ಅಲ್ಲ ಮಾವಾರ. 2017ರ ಜಿಎಸ್‌ಟಿ ಕಾಯ್ದೆಯ 7ನೇ ಕಲಮು ವಿನಿಮಯಾನೂ ಪೂರೈಕೆ ಅಂತದ. ಸಂಘ ಅಂದ್ರ ಸದಸ್ಯರೇ ಅಂತ ವಾದಿಸಿದ್ರ, 2021ರ ತಿದ್ದುಪಡಿ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು ಅಂದುಬಿಡ್ತು.” “ಅಂದ್ರ ನನ್ನ ಮೆಟ್ಟಿಲು ನಾನ ಗುಡಿಸಿದ್ರ, ಗುಡಿಸಿದಾವ ಒಬ್ಬ, ಗುಡಿಸಿಕೊಂಡಾವ ಇನ್ನೊಬ್ಬ! ಅದ್ವೈತ ಮುಗೀತು ಬಿಡು.”

ನಗಬೇಡಿ, ಮಾವನ ತಕರಾರಿನಲ್ಲಿ ತಿರುಳಿದೆ. ಸದಸ್ಯನ ಶುಲ್ಕ ತಿಂಗಳಿಗೆ 7,500 ರೂಪಾಯಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ, ಎರಡೂ ದಾಟಿದರಷ್ಟೇ ತೆರಿಗೆ; ಸಣ್ಣ ಸಂಘಗಳಿಗೆ ಆ ಭಯವಿಲ್ಲ. ತೊಡಕಿರುವುದು ಬೆಲೆ ಕಟ್ಟುವುದರಲ್ಲಿ. ಮುಯ್ಯಾಳಿನಲ್ಲಿ ಆಳಿಗೆ ಆಳು, ದಿನಕ್ಕೆ ದಿನ. ಇಲ್ಲಿ ಲೆಕ್ಕಪರಿಶೋಧಕನ ಗಂಟೆಗೂ ಮಾಲಿಯ ಗಂಟೆಗೂ ಒಂದೇ ದರವೇ? ಬೇರೆ ದರವೆಂದರೆ ಅದು ಕೂಲಿ. ಒಂದೇ ದರವೆಂದರೆ ಲೆಕ್ಕಪರಿಶೋಧಕ ದುಡ್ಡು ಕಟ್ಟಿ ಮನೆಯಲ್ಲೇ ಉಳಿಯುತ್ತಾನೆ. ಪೊರಕೆ ಹಿಡಿದು ಕೆಳಗಿಳಿಯುವವರು ಬಾಕಿದಾರರು ಮಾತ್ರ. ಕೈಯಲ್ಲಿ ಕಾಸಿಲ್ಲದವರಿಗೆ ಅನುಕೂಲವಲ್ಲವೇ ಎಂದರೆ, ಅನುಕೂಲವೇ. ಆದರೆ ಇದುವರೆಗೆ ಅದೇ ಮೆಟ್ಟಿಲು ಗುಡಿಸಿ ಪಗಾರ ಪಡೆಯುತ್ತಿದ್ದವಳು ಸಂಘದ ಸದಸ್ಯೆಯಲ್ಲ. ವಜಾ ಆಗುವುದು ಶುಲ್ಕವಷ್ಟೇ ಅಲ್ಲ, ಅವಳೂ. ಆಳಿಗೆ ಆಳು ಎಂಬ ನಿಯಮ ಎಲ್ಲರ ಮೇಲೂ ಬಿದ್ದರೆ ಮಾತ್ರ ಇದು ಮುಯ್ಯಿ.

“ಅದಿರ್ಲಿ, ಕಾರ್ಯದರ್ಶಿ ಗಂಟಿಗೆ ಎಷ್ಟು ವಜಾ?”

“ಅದು ಸೇವಾ, ಮಾವಾರ. ಅದಕ್ಕ ಬೆಲಿ ಕಟ್ಟಾಕ ಆಗೂದಿಲ್ಲ. ಅದಕ್ಕ ಪೂರ್ತಿ ಶುಲ್ಕನ ಮಾಫಿ ಮಾಡ್ಯಾರ.”