160 ಕ್ರೆಡಿಟ್ಟು, ಒಂದು ಕಟ್ಟು ಸೊಪ್ಪು

ನಮ್ಮ ಮನೆಯಲ್ಲಿ ಒಬ್ಬಳು ಎಂಜಿನಿಯರ್ ತಯಾರಾಗುತ್ತಿದ್ದಾಳೆ. ತಂಗಿಯ ಮಗಳು, ಹಾಸ್ಟೆಲ್ ಸಾರು ಸೇರದೆ ನಮ್ಮಲ್ಲಿಗೆ ಬಂದು ಉಳಿದವಳು. ಓದುತ್ತಿರುವುದು ಬಿ.ಇ., ಇನ್ಫರ್ಮೇಶನ್ ಸೈನ್ಸ್. 'ಅಯ್ಯೋ, ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ?' ಎಂದು ಮದುವೆಮನೆಗಳಲ್ಲಿ ಮರುಗುವ ಬಂಧುಗಳಿಗೆ ಉತ್ತರ ಕೊಡುವ ಹೊಣೆ ನನ್ನದು. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್ ಎಲ್ಲ ಎರಡು ಕಡೆಯೂ ಅವೇ ಎನ್ನುತ್ತೇನೆ. ಅವರು ತಲೆಯಾಡಿಸಿ, 'ಹೋಗ್ಲಿ ಬಿಡಿ, ನಮ್ಮನೆ ವೈಫೈ ರಿಪೇರಿ ಮಾಡ್ತಾಳಾ?' ಎನ್ನುತ್ತಾರೆ.

ನಾನು ಬಿ.ಕಾಂ. ಮಾಡಿ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ನೋಟೆಣಿಸಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ಪದವಿಗೆ ಬೇಕಾಗುತ್ತಿದ್ದುದು ಒಂದು ಗೈಡು, ಮಾರ್ಚ್ ತಿಂಗಳ ನಿದ್ದೆಗೇಡು ಮತ್ತು ಮನೆದೇವರ ಕೃಪೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮಾವಳಿ ಓದಿದ ಮೇಲೆ ಆ ಮೂರರ ಮೇಲೂ ನನ್ನ ಗೌರವ ಹೆಚ್ಚಿದೆ. ವಿಟಿಯು ಬೆಳಗಾವಿಯಲ್ಲಿ ಹುಟ್ಟಿದ್ದು 1998ರಲ್ಲಿ. ಸರ್ ಎಂ.ವಿ. ಹೆಸರಿಟ್ಟುಕೊಂಡ ಮೇಲೆ ಶಿಸ್ತು ಸಡಿಲವಾಗಿದ್ದೀತೆ?

ಒಳಗೆ ಕಾಲಿಡಬೇಕಾದರೇ ಪಿಯುಸಿಯಲ್ಲಿ ವಿಜ್ಞಾನ, ಗಣಿತ ಸೇರಿ ಶೇ 45 ಬೇಕು. ಮೀಸಲಾತಿ ಇದ್ದವರಿಗೆ ಶೇ 40. ಆಮೇಲೆ ಸಿಇಟಿ. ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ ಕೂಡಿಸಿ ರ‍್ಯಾಂಕು. ಅದರ ಬೆನ್ನಿಗೇ ಆಪ್ಷನ್ ಎಂಟ್ರಿ ಎಂಬ ರಾತ್ರಿ ಜಾಗರಣೆ. ಆಗ ನಮ್ಮ ಮನೆಯಲ್ಲಿ ಕಾಲೇಜುಗಳ ಪಟ್ಟಿಯನ್ನು ಹೆಣ್ಣಿಗೆ ಗಂಡು ಹುಡುಕಿದ್ದಕ್ಕಿಂತ ಹೆಚ್ಚು ಜಾಗರೂಕತೆಯಿಂದ ತಿರುವಿದೆವು. ಬಸ್ಸಿನ ಅನುಕೂಲ ಮಾತ್ರ ನೋಡಿದವನು ನಾನೊಬ್ಬನೇ. ಕೊನೆಗೆ ಗೆದ್ದದ್ದೂ ಅದೇ.

ಪ್ರವೇಶವಾದ ಮೇಲೆ ಕ್ರೆಡಿಟ್ಟಿನ ಲೆಕ್ಕ. ಬ್ಯಾಂಕಿನವನಿಗೆ ಕ್ರೆಡಿಟ್ ಹೊಸದೇ ಎಂದು ಮೀಸೆ ತಿರುವಿಕೊಂಡೇ ಕೂತೆ. ವಾರಕ್ಕೊಂದು ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಹೀಗೆ ಎಂಟು ಸೆಮಿಸ್ಟರಿನಲ್ಲಿ 160 ಕೂಡಿಡಬೇಕು. 2018ರ ಸ್ಕೀಮಿನಲ್ಲಿ 175 ಇತ್ತು. 2021ರ ಸ್ಕೀಮಿನಲ್ಲೇ ಇಷ್ಟಕ್ಕೆ ಇಳಿಯಿತು. 'ಹಾಗಾದ್ರೆ ಸುಲಭ ಆಯ್ತಲ್ಲ' ಎಂದೆ. ಹುಡುಗಿ ನನ್ನನ್ನು ನೋಡಿದ ನೋಟಕ್ಕೆ ಯಾವ ಕ್ರೆಡಿಟ್ಟೂ ಇರಲಿಲ್ಲ.

ಇಂಟರ್ನಲ್ಸ್‌ನಲ್ಲಿ 50ಕ್ಕೆ 20 ಬಾರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಕೂತರೆ 100ಕ್ಕೆ 35 ಬರಬೇಕು, ಅದನ್ನು ಅರ್ಧ ಮಾಡಿ ಇಂಟರ್ನಲ್ಸ್ ಜೊತೆ ಕೂಡಿಸಿದಾಗ ಮೊತ್ತ 40 ಆಗಿರಬೇಕು. ತಪ್ಪಿದರೆ ಬ್ಯಾಕ್. ಹಾಜರಾತಿ ಶೇ 85. ತಕ್ಕ ಕಾರಣವಿದ್ದರೆ ಶೇ 10ರಷ್ಟು ಮಾಫಿ. ತಕ್ಕ ಕಾರಣಗಳಲ್ಲಿ ಸೋದರಮಾವನ ಷಷ್ಟ್ಯಬ್ದಿ ಬರುವುದಿಲ್ಲವಂತೆ. ನನ್ನ ಷಷ್ಟ್ಯಬ್ದಿಯ ದಿನ ಅವಳು ಬೆಳಗಿನ ಲ್ಯಾಬ್ ಮುಗಿಸಿ ಪಾಯಸದ ಹೊತ್ತಿಗೆ ಬಂದಳು.

ಒಮ್ಮೆ ಪರೀಕ್ಷೆಯ ಹಿಂದಿನ ದಿನ ಅವಳಿಗೆ ಡೆಡ್‌ಲಾಕ್ ತಲೆಗೆ ಹೋಗುತ್ತಿರಲಿಲ್ಲ. ನನ್ನವಳು ಒಗ್ಗರಣೆ ಹಾಕುತ್ತಲೇ ಏನದು ಎಂದು ವಿಚಾರಿಸಿ, 'ಗಂಡಿನ ಕಡೆಯವರು ಊಟಕ್ಕೆ ಕೂರಲಿ ಅಂತ ಹೆಣ್ಣಿನ ಕಡೆಯವರು, ಹೆಣ್ಣಿನ ಕಡೆಯವರು ಕರೀಲಿ ಅಂತ ಗಂಡಿನ ಕಡೆಯವರು ಕಾಯೋದು ತಾನೆ?' ಎಂದಳು. ಹುಡುಗಿ ಪೆನ್ನು ಕೆಳಗಿಟ್ಟು, 'ಅಷ್ಟೇ ಅತ್ತೆ, ಸರ್ಕ್ಯುಲರ್ ವೇಟ್!' ಎಂದಳು. ಪದವಿ ಪಡೆಯಲು ಅಡುಗೆಮನೆಗೂ ಹಾಜರಾತಿ ಕಡ್ಡಾಯ ಮಾಡಬೇಕೆಂದು ನನ್ನವಳ ಸಲಹೆ.

ಎಲ್ಲಿಂದೆಲ್ಲಿಗೋ ಹೋದೆ. ಹೇಳಹೊರಟಿದ್ದು 100 ಆಕ್ಟಿವಿಟಿ ಪಾಯಿಂಟಿನ ವಿಷಯ. ಇವುಗಳಿಂದ ಸಿಜಿಪಿಎ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಆದರೆ ಇವಿಲ್ಲದೆ ಪದವಿಯೂ ಇಲ್ಲ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರಿಗೆ 75 ಸಾಕು. ಇವನ್ನು ಗಳಿಸಲು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಟ್ಟಿರುವ ಕೆಲಸಗಳ ಪಟ್ಟಿಯಲ್ಲಿ ಶಾಲೆಗಳಿಗೆ ನೆರವು, ನೀರಿನ ನಿರ್ವಹಣೆ, ಊರಿನಲ್ಲಿ ಡಿಜಿಟಲ್ ಪಾವತಿ ಕಲಿಸುವುದು ಎಲ್ಲ ಇವೆ. ಇವಳು ಕೊನೆಯದನ್ನು ಆರಿಸಿಕೊಂಡು, ಊರು ಎಂದರೆ ಮನೆಯಿಂದಲೇ ಶುರು ಎಂದು ನನ್ನ ಕೈಗೆ ಮೊಬೈಲ್ ಕೊಟ್ಟಳು.

'ಮಾಮ, ಮುಖ ಸ್ವಲ್ಪ ಗೊಂದಲದಲ್ಲಿರೋ ಹಾಗೆ ಇಟ್ಕೊಳ್ಳಿ.'

'ಅದಕ್ಕೆ ಅವರೇನೂ ಕಷ್ಟಪಡಬೇಕಾಗಿಲ್ಲ, ತೆಗಿ' ಎಂದಿತು ಅಡುಗೆಮನೆ.

'ಡಿಜಿಟಲ್ ಪಾವತಿ ಅರಿಯದ ಹಿರಿಯ ನಾಗರಿಕರೊಬ್ಬರಿಗೆ ತರಬೇತಿ' ಎಂಬ ಅಡಿಬರಹದೊಂದಿಗೆ ಆ ಫೋಟೊ ಹೇಗೋ ನಮ್ಮ ಬ್ಯಾಂಕ್ ನಿವೃತ್ತರ ವಾಟ್ಸ್ಆ್ಯಪ್ ಗುಂಪು ಸೇರಿತು. ಹಳೆಯ ಮ್ಯಾನೇಜರರು ಕೈಮುಗಿವ ಚಿತ್ರ ಹಾಕಿ ಸುಮ್ಮನಾದರು. ಕಾಲೇಜಿನ ಮೆಂಟರ್ ಇನ್ನೂ ಕಟ್ಟುನಿಟ್ಟು: ಸೋದರಮಾವ ನಡೆಯುವುದಿಲ್ಲ, ಬೀದಿಗೆ ಹೋಗಿ ಎಂದರಂತೆ.

ಹೋದಳು. ಜೊತೆಗೆ ಬಿಹಾರದ ಗೆಳತಿ. ನಮ್ಮ ಬೀದಿಯ ಸೊಪ್ಪಿನಮ್ಮನ ಗಾಡಿಯಲ್ಲಿ ಕ್ಯೂಆರ್ ಹಾಳೆ ಆಗಲೇ ನೇತಾಡುತ್ತಿತ್ತು. ಕಲಿಸಲು ಇನ್ನೇನಿದೆ ಎಂದು ಇವರು ಪೆಚ್ಚಾಗುವಷ್ಟರಲ್ಲಿ ಆಕೆಯೇ ಕೇಳಿದಳು: 'ದುಡ್ಡು ಹೋಯ್ತು ಅಂತ ಅವ್ರ ಫೋನ್ ತೋರಿಸ್ತಾರೆ, ನಂಗೆ ಬಂದೇ ಇರಲ್ಲ. ಏನ್ ಮಾಡ್ಲವ್ವ?' ಅವರ ಫೋನ್ ನೋಡಬೇಡ, ನಿನ್ನದನ್ನೇ ನೋಡು. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಿಲ್ಲ, ಒತ್ತು ಎಂದವನು ಮೋಸಗಾರ. ಇಷ್ಟನ್ನು ಹೇಳಿ, ಆ್ಯಪಿನ ಭಾಷೆ ಕನ್ನಡಕ್ಕೆ ಬದಲಿಸಿ, ಬಂದ ಹಣ ನೋಡುವ ಜಾಗ ತೋರಿಸಲು ಇಡೀ ಸಂಜೆ ಹಿಡಿಯಿತು. ಹೆಚ್ಚು ಮಾತಾಡಿದವಳು ಬಿಹಾರದ ಹುಡುಗಿ. ವಿಟಿಯುನಲ್ಲಿ ಕನ್ನಡ ಬಾರದವರಿಗೆ 'ಬಳಕೆ ಕನ್ನಡ' ಎಂಬ ಪಾಠ ಕಡ್ಡಾಯ. ಒಂದೇ ಒಂದು ಕ್ರೆಡಿಟ್. 'ನೋಡಿ, ಒತ್ತಬೇಡಿ' ಎಂಬ ಅವಳ ಕನ್ನಡ ಸೊಪ್ಪಿನಮ್ಮನಿಗೆ ಎಷ್ಟು ಹಿಡಿಸಿತೆಂದರೆ, ಒಂದು ಕಟ್ಟು ದಂಟಿನಸೊಪ್ಪು ಪುಕ್ಕಟೆ ಬಂತು.

160ರಲ್ಲಿ ಆ ಸಂಜೆ ಬೀದಿಯಲ್ಲಿ ಚಲಾವಣೆಯಾದದ್ದು ಆ ಒಂದು ಕ್ರೆಡಿಟ್. ಉಳಿದ 159 ಮುಂದೆ ಸಂಬಳಕ್ಕೆ ಆಗಿ ಬರುತ್ತವೆ, ಅದರಲ್ಲಿ ನನಗೆ ಅನುಮಾನವಿಲ್ಲ.

ನಿಮ್ಮ ಬೀದಿಗೂ ಇಂಥ ಮಕ್ಕಳು ಆಕ್ಟಿವಿಟಿ ಪಾಯಿಂಟಿಗಾಗಿ ಫಾರಂ ಹಿಡಿದು ಬರುತ್ತಾರೆ. ಪಾಪ ಅಂತ ನಿಂತಲ್ಲೇ ಸಹಿ ಹಾಕಿ ಸಾಗಹಾಕಬೇಡಿ. ಕೂರಿಸಿ, ಕಾಫಿ ಕೊಡಿ, ನಿಮಗೆ ನಿಜಕ್ಕೂ ಬಾರದ್ದೊಂದನ್ನು ಅವರಿಂದ ಹೇಳಿಸಿಕೊಳ್ಳಿ. ಸಹಿ ಆಮೇಲೆ ಹಾಕಿದರಾಯಿತು.