ಡಾಕ್ಟ್ರು ಓಡಿಸಿದ ಗಾಡಿ

ತೆಲಿಗಿಯಲ್ಲೊಂದು ಬೇವಿನ ಮರ. ಅದರಡಿ ಒಂದು ಬಿಳಿ ಡಿಸೈರ್, ಒಬ್ಬ ದಲ್ಲಾಳಿ. ಬೀಜದ ಕಂಪನಿ ಕೆಲಸಕ್ಕೆ ದಿನಾ ಕೊಟ್ಟೂರು, ಕೂಡ್ಲಿಗಿ, ಹಡಗಲಿ ಸುತ್ತುವ ಒಬ್ಬ ಗಿರಾಕಿ.

"ಬರ್ರಿ ಸಾರ್, 2013ರ ಡೀಸೆಲ್ ಗಾಡಿ. ಡಾಕ್ಟ್ರು ಓಡಿಸಿದ್ದು. ಬರೇ 58 ಸಾವಿರ ಕಿಲೋಮೀಟರ್."

(ನಮ್ಮ ಕಡೆ ಮಾರಾಟಕ್ಕೆ ಬರುವ ಕಾರೆಲ್ಲ ಡಾಕ್ಟ್ರದೇ. ಇಷ್ಟೊಂದು ಡಾಕ್ಟ್ರಿದ್ದೂ ಜ್ವರ ಬಂದರೆ ದಾವಣಗೆರೆಗೆ ಯಾಕೆ ಓಡುತ್ತೇವೋ!)

"ಅಲ್ಲಪ್ಪಾ, ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಕಾಣಾಕತ್ತೈತಿ?"

"ಡಾಕ್ಟ್ರ ಕಾಲು ಭಾರ ಸಾರ್."

"ನಂಬರ್ ಪ್ಲೇಟಿನ ಅಂಚಿಗೆ ಹಳದಿ ಬಣ್ಣ?"

"ಅರಿಷಿಣ ಸಾರ್. ಆಯುಧಪೂಜೆದು."

"ಕೆಎ 17 ಅಂದ್ರೆ ದಾವಣಗೆರೆ ಗಾಡಿ?"

"ಆಗ ನಾವೂ ದಾವಣಗೆರೆ ಜಿಲ್ಲೆನೇ ಅಲ್ರೀ! 2018ಕ್ಕೆ ಬಳ್ಳಾರಿ, 2021ಕ್ಕೆ ವಿಜಯನಗರ. ಹರಪನಹಳ್ಳಿ ತಾಲ್ಲೂಕು ಇಷ್ಟು ಜಿಲ್ಲೆ ಕಂಡ್ರೂ ಗಾಡಿ ಕಂಡಿದ್ದು ಒಬ್ಬರೇ ಓನರ್."

"ಆರ್‌ಸಿ ಒಳಗ ನಾಲ್ಕನೇ ಓನರ್ ಅಂತೈತಲ್ಲೋ?"

"ನಾಲ್ವರೂ ಡಾಕ್ಟ್ರೇ ಸಾರ್. ಉಚ್ಚಂಗೆಮ್ಮನಾಣೆ!"

"ಸರ್ವಿಸ್ ಪುಸ್ತಕ ಕೊಡು."

"ಅದು... ಇಲಿ ತಿಂತು."

"ತಿನ್ಲಿ ಬಿಡು. ಶೋರೂಮಿಗೆ ಫೋನ್ ಹಚ್ಚಿದ್ದೆ. 2019ರಾಗೇ 2 ಲಕ್ಷ 10 ಸಾವಿರ ಓಡಿತ್ತಂತ."

ದಲ್ಲಾಳಿ ಕಣ್ಣು ಪಿಳುಕಿಸಲಿಲ್ಲ. "ನೋಡ್ರಿ ಮತ್ತೆ! ಅಷ್ಟು ಓಡಿದ್ರೂ ಇನ್ನೂ ಓಡ್ತೈತಿ. ನಿಮ್ಮ ಕೆಲಸಕ್ಕೆ ಇಂಥದೇ ಬೇಕು!"

ಗಿರಾಕಿ ಹರಪನಹಳ್ಳಿ ಬಸ್ ಹತ್ತಿದ. ಗಾಡಿ ಇನ್ನೂ ಮಾರಾಟಕ್ಕಿದೆ. ಹೋಗುವುದಾದರೆ ಬೆಳಗ್ಗೆ, ಇಂಜಿನ್ ತಣ್ಣಗಿದ್ದಾಗಲೇ ಹೋಗಿ. ಜತೆಗೆ ಪರಿಚಯದ ಮೆಕ್ಯಾನಿಕ್ ಇರಲಿ.