ಬರೋದಕ್ಕೆಷ್ಟು, ಮಾಡೋದಕ್ಕೆಷ್ಟು?

ಬೆಂಗಳೂರಿನಲ್ಲಿ ಸೋರುವ ನಲ್ಲಿ ರಿಪೇರಿಗೆ ಎಷ್ಟು ಕೊಡಬೇಕು ಅಂತ ಅಕ್ಕಪಕ್ಕದವರನ್ನು ಕೇಳಿ ನೋಡಿ. ಮೇಲಿನ ಮನೆಯವರು 200 ಅಂತಾರೆ, ಎದುರು ಮನೆಯವರು 500 ಅಂತಾರೆ, ಮೂಲೆಮನೆ ರಾಯರು "ನಮ್ಮ ಕಾಲದಲ್ಲಿ ಒಂದು ಲೋಟ ಕಾಫಿಗೆ ಮುಗೀತಿತ್ತು" ಅಂತಾರೆ. ಪ್ಲಂಬರನ್ನೇ ಕೇಳಿದಿರೋ, "ನೋಡಿ ಕೊಡಿ ಸಾರ್, ನಿಮಗೆ ಗೊತ್ತಿಲ್ದಿರೋದಾ?" ಇದಕ್ಕಿಂತ ದುಬಾರಿ ಬಿಲ್ಲು ಇನ್ನೊಂದಿಲ್ಲ. ಮೊದಲಾದರೆ ನೋಟು ಮಡಿಸಿ ಅವನ ಜೇಬಿಗೆ ತುರುಕಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಈಗ ಫೋನ್‌ಪೇ ಬಂದು ಆ ದಾರಿಯೂ ಮುಚ್ಚಿತು. ಎಷ್ಟು ಬಂತು ಅಂತ ನಿಮ್ಮೆದುರೇ ನೋಡ್ಕೋತಾನೆ.

ಫ್ಯಾನಿನ ಕಥೆ ಕೇಳಿ. ರೆಗ್ಯುಲೇಟರ್ 5ರಲ್ಲಿಟ್ಟರೂ ರೆಕ್ಕೆಗಳನ್ನು ಎಣಿಸಬಹುದು. ಎಲೆಕ್ಟ್ರಿಷಿಯನ್ ಬಂದು ಸ್ಟೂಲ್ ಹತ್ತಿ, ಮೇಲಿನ ಕಪ್ ಇಳಿಸಿ, 2.5 ಮೈಕ್ರೋಫ್ಯಾರಡ್ ಅಂತ ಬರೆದಿರುವ ಸಣ್ಣ ಡಬ್ಬಿ ಕಿತ್ತು, ಹೊಸದು ಕೂರಿಸಿ, ವೈರು ತಿರುಚಿ ಟೇಪು ಸುತ್ತಿ ಇಳೀತಾನೆ. ಐದೇ ನಿಮಿಷ. ಕೂಲಿ 300. ಯಜಮಾನರ ಮುಖ ಹುಳ್ಳಗಾಗುತ್ತೆ. "ಅಂಗಡೀಲಿ ಆ ಕೆಪಾಸಿಟರ್‌ಗೆ ನೂರು ರೂಪಾಯೀನೂ ಇಲ್ವಲ್ಲಪ್ಪಾ!" ಅದು ಗೊತ್ತಿದ್ದೂ ಇಡೀ ಬೇಸಿಗೆ ಬನಿಯನ್ನಲ್ಲಿ ಬೆವರು ಒರೆಸಿಕೊಂಡು ಕೂತಿದ್ದವರು ಇವರೇ. ಅದೇ ಅವನು ಗಂಟೆಗಟ್ಟಲೆ ತಡಕಾಡಿ, ಒಂದು ಸ್ಕ್ರೂ ಬೀಳಿಸಿ, ಸೋಫಾ ಕೆಳಗೆ ಹುಡುಕಿದ್ದರೆ "ಪಾಪ, ಕಷ್ಟಪಟ್ಟ" ಅಂತ 50 ಜಾಸ್ತಿಯೇ ಕೊಡೋರು. ಕೈ ಪಳಗಿದವನಿಗೇ ನಮ್ಮಲ್ಲಿ ದಂಡ.

ಅಸಲಿಗೆ ದುಡ್ಡು ಅವನು ಬಂದದ್ದಕ್ಕೆ. ಪೆಟ್ರೋಲು, ಟ್ರಾಫಿಕ್ಕು, ನಿಮ್ಮ ಸೆಕ್ಯೂರಿಟಿಯವನ ರಿಜಿಸ್ಟರು, ಆಮೇಲೆ ಸಾಮಾನಿಗೆ ಅಂಗಡಿಗೊಂದು ಸುತ್ತು. ಹಾಗಾಗಿ ಸಣ್ಣಪುಟ್ಟ ಕೆಲಸಕ್ಕೆ 300ರಿಂದ 500 ಅಂತ ಇಟ್ಟುಕೊಳ್ಳಿ, ಸಾಮಾನು ಬೇರೆ. ಹಳೇ ನಲ್ಲಿಯ ರಬ್ಬರ್ ವಾಷರ್ ಪುಡಿಗಾಸಿನದು, ಅರ್ಧ ಸುತ್ತಿನೊಳಗೇ ಪೂರ್ತಿ ತೆರೆಯುವ ಹೊಸ ನಲ್ಲಿಯ ಸ್ಪಿಂಡಲ್ ಹಾಗಲ್ಲ. ನಾನು ಹೇಳೋದು, ನಲ್ಲಿ, ಫ್ಲಶ್ ಟ್ಯಾಂಕು, ಸಿಂಕಿನ ಪೈಪು ಮೂರೂ ಕೆಡಲಿ, ಆಮೇಲೆ ಒಟ್ಟಿಗೆ ಕರೀರಿ. ಅಲ್ಲಿವರೆಗೆ ಬಕೆಟ್ ಇಡಿ. ಮರಗೆಲಸದವನು ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ. ಮಳೆಗೆ ಉಬ್ಬಿದ ಒಂದು ಬಾಗಿಲಿಗೆ ರಂದ ಹೊಡೆಯೋಕೆ ಬಂದರೂ ಅರ್ಧ ದಿನದ ಕೂಲಿ ಕೇಳ್ತಾನೆ. ನ್ಯಾಯವೇ. ಆ ಅರ್ಧ ದಿನ ಅವನಿಗೆ ಬೇರೆ ಕಡೆಯ ಕೆಲಸ ಹೋಯಿತಲ್ಲ.

ಒಂದು ಮಾತಿಗೆ ಮಾತ್ರ ಎಚ್ಚರ. ಬಂದವನು ಸೊಂಟದ ಮೇಲೆ ಕೈಯಿಟ್ಟು, ನಾಲಿಗೆಯಲ್ಲಿ ಲೊಚ್ ಅಂತ ಸದ್ದು ಮಾಡಿ, "ಯಾರ್ ಸಾರ್ ಈ ಕೆಲಸ ಮಾಡಿದ್ದು?" ಅಂದನೋ, 200 ಏರಿತು ಅಂತ ತಿಳಿಯಿರಿ. ಹಿಂದಿನ ಸಲ ಮಾಡಿದ್ದು ಅವನೇ ಆಗಿದ್ದರೂ ಕೇಳ್ತಾನೆ.

ರೇಟು ಕೆಲಸಕ್ಕೆ ಮುಂಚೆ ಮಾತಾಡಿ. ಆದಮೇಲೆ ಐವತ್ತಕ್ಕೆ ಜಗ್ಗಾಡಬೇಡಿ. ನಮ್ಮ ಫೋನಲ್ಲಿ "ಪ್ಲಂಬರ್ ಹೊಸಬ", "ಪ್ಲಂಬರ್ ಫೋನ್ ಎತ್ತಲ್ಲ" ಅಂತೆಲ್ಲ ಹೆಸರು ಹಾಕಿಕೊಂಡಿರ್ತೀವಲ್ಲ, ಅವನ ಫೋನಲ್ಲೂ ಇರುತ್ತೆ: "ಥರ್ಡ್ ಫ್ಲೋರ್ ಚೌಕಾಸಿ, ಎತ್ತಬಾರದು".